ಶಾಲೆಯ ಅಂಗಳದಲ್ಲಿ ಒಂಟಿಯಾಗಿ ನಿಂತ ಮಗು



ಆಟಿಸಂ ಎಂಬುದನ್ನು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ತನ್ನಲ್ಲಿಯೇ ಲೀನವಾಗಿರುವುದು ಎಂದರ್ಥ. ಈ ಹೆಸರು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಇಂಥ ಮಕ್ಕಳಲ್ಲಿ ಅನೇಕರಿಗೆ ಗೆಳೆಯರು ಬೇಕು. ಗೆಳೆತನ ಬೆಳೆಸುವ ಬಗೆ ತಿಳಿಯದು, ಅಷ್ಟೇ. 1943ರಲ್ಲಿ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂದಿತು. ಆ ಬಳಿಕ ದಶಕಗಳ ಕಾಲ, ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ಅಪವಾದವನ್ನು ತಾಯಂದಿರು ಹೊತ್ತರು. ಅದು ಶುದ್ಧ ಸುಳ್ಳು. ಇದು ಮೆದುಳಿನ ಬೆಳವಣಿಗೆಯಲ್ಲಿರುವ ಭೇದ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಕೇಳಿದ ಶಿಷ್ಯರಿಗೆ ಯೇಸುಸ್ವಾಮಿಯವರು ಕೊಟ್ಟ ಉತ್ತರವನ್ನು ಬಲ್ಲ ನಾವು ಅಂಥ ಮಾತನ್ನು ಆಡಲಾಗದು.

ಶಾಲೆಯಲ್ಲಿ ಈ ಮಗುವಿಗೆ ಗಣಿತಕ್ಕಿಂತ ಕಠಿಣವಾದ ವೇಳೆಯೆಂದರೆ ಮಧ್ಯಾಹ್ನದ ಬಿಡುವು. ತರಗತಿಯಲ್ಲಿ ಯಾವಾಗ ಏನೆಂಬುದು ಗೊತ್ತಿರುತ್ತದೆ. ಅಂಗಳದಲ್ಲಿ ಗದ್ದಲ, ಆಟದ ನಿಯಮವೂ ಗಳಿಗೆಗೊಂದು. "ಹೋಗು, ಎಲ್ಲರೊಡನೆ ಆಡು" ಎಂದರೆ ಸಾಲದು. ಶಾಂತ ಸ್ವಭಾವದ ಒಬ್ಬನೇ ಸಹಪಾಠಿಯೊಡನೆ ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಆರಂಭಿಸಿರಿ. ಈಗ ನನ್ನ ಸರದಿ, ಇನ್ನು ನಿನ್ನದು ಎಂಬ ಕ್ರಮ ಅಲ್ಲಿ ಕಣ್ಣಿಗೇ ಕಾಣುತ್ತದೆ. ಕಾಯುವುದನ್ನೂ ಸೋಲುವುದನ್ನೂ ಮಗು ಅಲ್ಲಿ ಕಲಿಯಬಲ್ಲದು. ಇಬ್ಬರೂ ಹೊಂದಿಕೊಂಡ ಮೇಲೆ ಮೂರನೆಯವನು ಬರಲಿ.

ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ 'ಸಾಮಾಜಿಕ ಕಥೆ'ಯ ವಿಧಾನಕ್ಕೆ ಖರ್ಚೇನೂ ಇಲ್ಲ. ಗಂಟೆ ಬಾರಿಸಿದಾಗ ಏನಾಗುತ್ತದೆ, ಊಟದ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು, ಯಾರಾದರೂ ತಳ್ಳಿದರೆ ಯಾರಿಗೆ ಹೇಳಬೇಕು ಎಂಬುದನ್ನು ನಾಲ್ಕಾರು ಸರಳ ವಾಕ್ಯಗಳಲ್ಲಿ, ಚಿತ್ರದೊಡನೆ ಬರೆದು, ಮುಂಚಿತವಾಗಿಯೇ ಮಗುವಿನೊಡನೆ ಓದುವುದು.

ಆದರೆ ಕಣ್ಣಿಟ್ಟು ನೋಡೆಂದು ಗದರಿಸಬೇಡಿರಿ. ಬೇರೆಡೆ ನೋಡುತ್ತಲೇ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ. ಸ್ವತಃ ಆಟಿಸಂ ಉಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್, ಪರಸ್ಪರ ಅರ್ಥವಾಗದಿರುವ ತೊಡಕು ಎರಡು ಕಡೆಗಳಲ್ಲಿಯೂ ಇದೆಯೆಂದು 2012ರಲ್ಲಿ ಬರೆದರು. ಹಾಗಾದರೆ ಪಾಠ ಉಳಿದ ಮೂವತ್ತು ನಲವತ್ತು ಮಕ್ಕಳಿಗೂ ಬೇಕಲ್ಲವೇ? ಅಣಕಿಸಬಾರದು, ಹೇಳುವುದನ್ನು ನೇರವಾಗಿ ಹೇಳಬೇಕು, ಉತ್ತರಕ್ಕೆ ತುಸು ಕಾಯಬೇಕು ಎಂದು ಅವರಿಗೆ ಕಲಿಸುವವರು ವಿರಳ. ಮಗುವನ್ನು ಬೇರೆ ಶಾಲೆಗೆ ಸೇರಿಸಿರೆಂದು ಪಾಲಕರಿಗೆ ಹೇಳುವವರೇ ಹೆಚ್ಚು. ಅಂಗವೈಕಲ್ಯದ ಕಾರಣಕ್ಕಾಗಿ ಪ್ರವೇಶದಲ್ಲಿ ಭೇದವೆಣಿಸಕೂಡದೆಂದು 2016ರ ಕಾಯಿದೆ ಮಾನ್ಯತೆ ಪಡೆದ ಶಾಲೆಗಳಿಗೆ ವಿಧಿಸಿದೆ. ಆಟಿಸಂ ಆ ಕಾಯಿದೆಯ ಪಟ್ಟಿಯಲ್ಲಿ ಸೇರಿದೆ.

ಭಾನುವಾರದ ಧರ್ಮೋಪದೇಶ ತರಗತಿಗೂ ಇದೇ ಕ್ರಮ ಹೊಂದುತ್ತದೆ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುವ ಮಗುವನ್ನು ದೇವಾಲಯ ಖಾಲಿಯಿರುವ ಸಂಜೆಗಳಲ್ಲಿ ಕರೆತಂದು, ಸಾಲು ಎಲ್ಲಿಂದ ಹೊರಡುತ್ತದೆಂದು ನಡೆದು ತೋರಿಸಿರಿ. ಚೌಕಾಬಾರದ ಆ ಗೆಳೆಯನೇ ಅದರ ಪಕ್ಕದಲ್ಲಿ ನಡೆಯಲಿ.