ಎರಡು ಸರ್ವರ್ ಇದ್ರೂ ಡೇಟಾ ಹಾಳಾಗಿದ್ದು ಹೇಗೆ?

ನಾನು ಮಂಡ್ಯ ತಾಲ್ಲೂಕಿನ ಕೊತ್ತತ್ತಿಯವನು. ಬೆಂಗಳೂರಿನಲ್ಲಿ ಸರ್ವರ್‌ಗಳನ್ನ ನೋಡಿಕೊಳ್ಳೋ ಕೆಲಸ. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ.

ಅದಕ್ಕೂ ಮುಂಚೆ ಅಪ್ಪನ ಫೋನ್ ಕಾಲ್. ಬೆಳೆ ಸಾಲಕ್ಕೆ ಪಹಣಿ ಬೇಕು ಅಂತ ಹೋಗಿದ್ರು. ಕೌಂಟರ್ ಮುಂದೆ ಒಂದೂವರೆ ಗಂಟೆ ನಿಂತು ಬರಿಗೈಲಿ ವಾಪಸ್. "ಸರ್ವರ್ ಇಲ್ವಂತೆ ಕಣ್ಲಾ ಮಗ. ನೀನೂ ಅದೇ ಕೆಲ್ಸ ಅಲ್ವಾ ಮಾಡದು? ಒಂದು ಕೆಟ್ರೆ ಆಗ್ಲಿ ಅಂತ ಇನ್ನೊಂದ ಮಡಿಕ್ಕಂಡಿರಕೆ ಏನ್ ದಾಡಿ?"

ಪ್ರಶ್ನೆ ಸರಿಯಾಗಿದೆ. ಒಂದು ಕೆಟ್ಟರೆ ಇನ್ನೊಂದು ಕೆಲಸಕ್ಕೆ ನಿಲ್ಲಬೇಕು. ನಮ್ಮ ಭಾಷೆಯಲ್ಲಿ ಅದೇ ಹೈ ಅವೈಲಬಿಲಿಟಿ. ಆದರೆ ಇನ್ನೊಂದನ್ನ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲ್ಲ, ನಿಜವಾದ ಅಪಾಯ ಅಲ್ಲಿಂದಲೇ ಶುರು. ನಾನು ಕಲಿತದ್ದು ಹೀಗೆ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಗೆ ಬಿಲ್ಲಿಂಗ್ ಸಿಸ್ಟಮ್ ಕೂರಿಸಿಕೊಟ್ಟೆ. ಎರಡು ದೊಡ್ಡ ಸರ್ವರ್, ಎ ಮತ್ತು ಬಿ ಅನ್ನೋಣ. ಬಿಲ್ಲಿಂಗ್ ಓಡ್ತಿದ್ದದ್ದು ಅವುಗಳ ಮೇಲಿನ ಒಂದು ವರ್ಚುವಲ್ ಮಷೀನ್‌ನಲ್ಲಿ. ಅದರ ಡಿಸ್ಕ್ ನೋಡಿಕೊಳ್ಳೋಕೆ ಡಿಆರ್‌ಬಿಡಿ ಹಾಕಿದ್ದೆ. 2010ರಲ್ಲಿ ಲಿನಕ್ಸ್ ಕರ್ನಲ್‌ಗೇ ಸೇರಿಕೊಂಡ ಸಾಫ್ಟ್‌ವೇರ್ ಅದು. ಎ ಡಿಸ್ಕಿಗೆ ಬರೆದ ಪ್ರತಿ ಅಕ್ಷರವನ್ನೂ ನೆಟ್‌ವರ್ಕ್ ಮೂಲಕ ಬಿ ಡಿಸ್ಕಿಗೂ ಬರೆಯುತ್ತೆ. ಯಾರು ಯಜಮಾನ, ಯಾರು ಕಾಯ್ತಾ ಕೂರಬೇಕು ಅಂತ ತೀರ್ಮಾನಿಸೋದು ಪೇಸ್‌ಮೇಕರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್.

ಈ ಪೇಸ್‌ಮೇಕರ್ ಒಂದು ವಿಷಯದಲ್ಲಿ ಹಟಮಾರಿ. ಫೆನ್ಸಿಂಗ್ ಸೆಟಪ್ ಮಾಡದಿದ್ದರೆ ಯಾವ ಸರ್ವೀಸನ್ನೂ ಶುರು ಮಾಡಲ್ಲ. ನನಗೋ ಗಡಿಬಿಡಿ. ಬೆಳಗ್ಗೆ ಲೈವ್ ಹೋಗಬೇಕು. ಇಂಟರ್ನೆಟ್‌ನಲ್ಲಿ ಹುಡುಕಿದೆ, ಒಂದೇ ಸಾಲಿನಲ್ಲಿ ಅದನ್ನ ಆಫ್ ಮಾಡಬಹುದು ಅಂತ ಸಿಕ್ತು. ಆಫ್ ಮಾಡಿದೆ. ಎಲ್ಲ ಹಸಿರು ಬಣ್ಣಕ್ಕೆ ತಿರುಗಿತು. ಖುಷಿಯಿಂದ ಮಲಗಿದೆ.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ಸಂಜೆ ಎರಡು ಸರ್ವರ್ ನಡುವಿನ ಸ್ವಿಚ್ ಕೆಟ್ಟಿತು. ಸರ್ವರ್ ಎರಡೂ ಗಟ್ಟಿಮುಟ್ಟಾಗೇ ಇವೆ, ಮಾತುಕತೆ ಮಾತ್ರ ಬಂದ್. ಎ ಸುಮ್ಮನಾದದ್ದು ಕಂಡು ಬಿ ಅಂದುಕೊಂಡಿತು, "ಎ ಸತ್ತೋಯ್ತು, ಇನ್ನು ನಾನೇ ಯಜಮಾನ". ಅದೇ ವರ್ಚುವಲ್ ಮಷೀನನ್ನ ತಾನೂ ಶುರು ಮಾಡಿತು. ಎ ಕಡೆ ಅದು ನಿಂತೇ ಇರಲಿಲ್ಲ! ಕೆಲವು ಅಂಗಡಿಗಳ ಬಿಲ್ ಇಲ್ಲಿಗೆ, ಕೆಲವರದ್ದು ಅಲ್ಲಿಗೆ. ಒಂದೇ ಬಿಲ್ ನಂಬರ್ ಇಬ್ಬರು ಬೇರೆ ಬೇರೆ ಗಿರಾಕಿಗಳಿಗೆ ಹೋಯ್ತು. ನಲವತ್ತು ನಿಮಿಷ.

ಇದಕ್ಕೆ ಸ್ಪ್ಲಿಟ್ ಬ್ರೈನ್ ಅಂತಾರೆ. ಸ್ವಿಚ್ ಸರಿಯಾದ ಮೇಲೆ ಎರಡೂ ಒಬ್ಬರ ಮುಖ ಒಬ್ಬರು ನೋಡಿದ್ವು, ಲೆಕ್ಕ ತಾಳೆ ಆಗಲಿಲ್ಲ. ಆಗ ಡಿಆರ್‌ಬಿಡಿ ಸಂಪರ್ಕ ಕಡಿದುಕೊಂಡು ನಿಲ್ಲುತ್ತೆ. ಯಾವ ಕಡೆಯ ಡೇಟಾ ಬಿಸಾಕಬೇಕು ಅನ್ನೋದನ್ನ ಮನುಷ್ಯನೇ ಹೇಳಬೇಕು. ನಾನೇ ಹೇಳಿದೆ. ಬಿಸಾಕಿದ ಬಿಲ್‌ಗಳನ್ನ ಲಾಗ್‌ನಿಂದ ಹೆಕ್ಕಿ ಕೈಯಲ್ಲಿ ಸೇರಿಸೋಕೆ ಮೂರು ದಿನ ಹಿಡಿಯಿತು.

ಈ ಫೆನ್ಸಿಂಗ್ ಅಂದ್ರೆ ಏನು? ನಮ್ಮ ಕಡೆ ಲೈನ್‌ಮನ್ ಕಂಬ ಹತ್ತೋ ಮುಂಚೆ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ ತಗೋತಾರೆ, ಅಂದ್ರೆ ಲೈನ್ ಕ್ಲಿಯರ್. ಬಲ್ಬ್ ಆರಿದೆ, ಹಂಗಾದ್ರೆ ಕರೆಂಟ್ ಇಲ್ಲ ಅಂತ ನಂಬ್ಕೊಂಡು ಹತ್ತಿದರೆ ಜೀವಕ್ಕೇ ಅಪಾಯ. ಕ್ಲಸ್ಟರ್‌ನಲ್ಲೂ ಅಷ್ಟೇ. ಎ ಮಾತಾಡ್ತಿಲ್ಲ ಅಂದ್ರೆ ಎ ಸತ್ತಿದೆ ಅಂತಲ್ಲ. ಬಿ ಮೊದಲು ಎ ಸರ್ವರ್‌ನ ಪವರ್ ತೆಗೆಸಬೇಕು, "ತೆಗೆದಾಯ್ತು" ಅನ್ನೋ ಖಾತ್ರಿ ಬರಬೇಕು, ಆಮೇಲೆ ಯಜಮಾನಿಕೆ. ಹೆಚ್ಚಿನ ಸರ್ವರ್ ಬೋರ್ಡ್‌ಗಳಲ್ಲಿ ಇದಕ್ಕೆ ಬಳಸಬಹುದಾದ ಐಪಿಎಂಐ ಅನ್ನೋ ಪ್ರತ್ಯೇಕ ದಾರಿ ಇರುತ್ತೆ. ಕ್ಲಸ್ಟರ್ ವರ್ಚುವಲ್ ಮಷೀನ್‌ಗಳದ್ದೇ ಆದರೆ, ಅದನ್ನ ನಿಲ್ಲಿಸು ಅಂತ ಕೆಳಗಿರೋ ಹೈಪರ್‌ವೈಸರ್‌ಗೆ ಹೇಳಬೇಕು. ಖಾತ್ರಿ ಬರಲಿಲ್ವಾ? ಸುಮ್ಮನೆ ಕಾಯಬೇಕು.

ಎರಡನೇ ಪಾಠ, ಬಹುಮತ. ಇಬ್ಬರೇ ಇದ್ದರೆ ಜಗಳದಲ್ಲಿ ಪಂಚಾಯ್ತಿ ಹೇಳೋರು ಯಾರು? ಮೂರನೆಯವರು ಬೇಕು. ಡೇಟಾ ಇಡದೆ ವೋಟು ಮಾತ್ರ ಹಾಕೋ ಒಂದು ಸಣ್ಣ ಮಷೀನ್ ಆದರೂ ಸಾಕು. ಸೆಫ್‌ನಂಥ ಸ್ಟೋರೇಜ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಡೇಟಾಗೆ ಮೂರು ಕಾಪಿ ಇಟ್ಟು, ಕನಿಷ್ಠ ಎರಡು ಸಿಗಬೇಕು ಅಂತ ಸೆಟ್ ಮಾಡ್ತಾರೆ. ಒಂದೇ ಕಾಪಿ ಉಳಿದರೆ ಅದು ಬರೆಯೋದನ್ನೇ ನಿಲ್ಲಿಸುತ್ತೆ.

ಆದರೆ ಮೂರು ಅಂದ್ರೆ ನಿಜವಾಗಲೂ ಮೂರಾಗಿರಬೇಕು. ಮೂರು ವರ್ಚುವಲ್ ಮಷೀನ್ ಮಾಡಿ ಮೂರನ್ನೂ ಒಂದೇ ಕಬ್ಬಿಣದ ಡಬ್ಬದ ಮೇಲೆ ಓಡಿಸೋದು, ಮೂರು ಪಂಪ್‌ಸೆಟ್ಟನ್ನ ಒಂದೇ ಟಿಸಿಗೆ ಕೊಟ್ಟಂಗೆ. ಟಿಸಿ ಸುಟ್ಟರೆ ಮೂರೂ ಗದ್ದೆ ಒಣಗುತ್ತೆ. ಇವು ಒಂದೇ ಹೋಸ್ಟ್ ಮೇಲೆ ಕೂರಬಾರದು ಅನ್ನೋ ರೂಲ್ ಹಾಕೋದು ಮರೀಬೇಡಿ. ಇನ್ನೊಂದು ಮಾತು, ಕಾಪಿ ಬೇರೆ, ಬ್ಯಾಕಪ್ ಬೇರೆ. ನೀವು ತಪ್ಪಾಗಿ ಡಿಲೀಟ್ ಮಾಡಿದ್ದು ಮೂರೂ ಕಾಪಿಯಲ್ಲಿ ಅಷ್ಟೇ ಚೆನ್ನಾಗಿ ಡಿಲೀಟ್ ಆಗುತ್ತೆ.

ಈಗ ಅಪ್ಪನ ಪಹಣಿಗೆ ಬರೋಣ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆ ಬಂತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಅಂಥ ಡೇಟಾ ನನ್ನ ಬಿಲ್ಲಿಂಗ್ ಥರ ಎರಡು ಹೋಳಾಯ್ತು ಅಂತ ಸುಮ್ಮನೆ ಊಹಿಸಿಕೊಳ್ಳಿ. ಒಂದು ಕಡೆ ಕಲಂ 11ರಲ್ಲಿ ಬ್ಯಾಂಕಿನ ಸಾಲ ಏರಿದೆ. ಇನ್ನೊಂದು ಕಡೆ ಸಾಲವೇ ಇಲ್ಲ, ಅದೇ ಜಮೀನು ಬೇರೆಯವರ ಹೆಸರಿಗೆ ಹೋಗಿದೆ. ಎರಡೂ ಪ್ರಿಂಟ್ ಸಾಚಾ ಥರಾನೇ ಕಾಣುತ್ತೆ. ಯಾವುದನ್ನ ಬಿಸಾಕ್ತೀರಿ?

ಅವತ್ತು ಕೌಂಟರ್ ನಿಂತಿದ್ದು ಯಾಕೋ, ಅದು ಬೇರೆ ಮಾತು. ನೆಟ್‌ವರ್ಕ್ ಹೋಗಿದ್ರೂ ಜನಕ್ಕೆ ಹೇಳೋದು "ಸರ್ವರ್ ಇಲ್ಲ" ಅಂತಲೇ. ಒಂದು ದಿನದ ಕೂಲಿ ಬಿಟ್ಟು ಬಂದವರನ್ನ ಹಾಗೆ ವಾಪಸ್ ಕಳಿಸೋದು ತಪ್ಪೇ. ಚೆನ್ನಾಗಿ ಕಟ್ಟಿದ ಕ್ಲಸ್ಟರ್ ಕೆಲವು ನಿಮಿಷದಲ್ಲಿ ಎದ್ದು ಕೂರಬೇಕು. ಆದರೆ ಆ ಕೆಲವು ನಿಮಿಷವನ್ನೂ ಉಳಿಸೋಕೆ ಹೋಗಿ ಖಾತ್ರಿಯನ್ನ ಬಿಡಬಾರದು. ನಾನು ಬಿಟ್ಟಿದ್ದು ಅದನ್ನೇ.

ಅಪ್ಪನಿಗೆ ಇಷ್ಟೂ ಹೇಳಿದೆ. ಕೇಳಿಸಿಕೊಂಡು ಅಂದ್ರು, "ಎಲ್ಡು ಪಾಣಿ ಹುಟ್ಟದಕ್ಕಿಂತ ಒಂದಿನ ಕಾಯದೇ ವಾಸಿ ಬುಡು. ನಾಳಿಕೆ ಹೋಯ್ತೀನಿ." ಮಾರನೇ ದಿನ ಪಹಣಿ ಸಿಕ್ತು.

ಕಲೀತಿರೋ ಹುಡುಗ ಹುಡುಗಿಯರಿಗೆ ಒಂದು ಹೋಮ್‌ವರ್ಕ್. ಲ್ಯಾಪ್‌ಟಾಪ್‌ನಲ್ಲಿ ಮೂರು ವರ್ಚುವಲ್ ಮಷೀನ್ ಹಾಕಿ ಕ್ಲಸ್ಟರ್ ಕಟ್ಟಿ. ಡೇಟಾ ಬರೀತಾ ಇರುವಾಗಲೇ ಒಂದರ ನೆಟ್‌ವರ್ಕ್ ಕಿತ್ತು ನೋಡಿ. ಲೈವ್ ಆದ ಮೇಲೆ ಕಲಿಯೋದಕ್ಕಿಂತ ಇಲ್ಲೇ ಕೆಡಿಸಿ ಕಲಿಯೋದು ಅಗ್ಗ. ಏನಾಯ್ತು ಅಂತ ನನಗೂ ತಿಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.