ಕರ ಯಾರಿಗೆ, ಕಡಿತ ಯಾರಿಗೆ?

(ನವಲಗುಂದ ತಾಲೂಕಿನ ರೈತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)





‘ರೈತರು ತೆರಿಗೆ ಕೊಡೂದಿಲ್ಲ, ಬರೇ ಸಾಲ ಮನ್ನಾ ಕೇಳ್ತಾರ’ ಎಂಬ ಮಾತನ್ನು ಬಸ್ಸಿನಾಗ, ಬ್ಯಾಂಕಿನಾಗ ನೀವೂ ಕೇಳೀರಿ. ಇವತ್ತು ಆ ಮಾತಿನ ಲೆಕ್ಕ ತೆಗೆಯೋಣ.

ನಮ್ಮ ನೆಲದಿಂದಲೇ ಶುರು ಮಾಡ್ತೀನಿ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ಕಾಲುವೆ ಬಂತು, ಅದರ ಹಿಂದೆ ಬೆಟರ್‌ಮೆಂಟ್ ಲೆವಿಯೂ ಬಂತು. ನೀರಿನಿಂದ ನಿಮ್ಮ ಹೊಲದ ಬೆಲೆ ಏರಿತು, ಏರಿದ್ದರಲ್ಲಿ ನಮ್ಮ ಪಾಲು ಕೊಡಿ ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಕಾಲುವೆಯ ಬಾಲಕ್ಕೆ, ನೀರೇ ಮುಟ್ಟದ ಹೊಲಕ್ಕೂ ಕರ ಬಿತ್ತು. ಅತ್ತ ಹತ್ತಿಯ ದರ ಕುಸಿದಿತ್ತು. ಕಾಗದದ ಮ್ಯಾಲ ಭೂಮಿ ಬೆಲೆ ಏರಿದರೆ ಕಿಸೆಗೆ ರೊಕ್ಕ ಬರೂದಿಲ್ಲ. ಹೊಲ ಮಾರಿದಾಗಷ್ಟೇ ಬರ್ತೈತಿ. ಕರ ಕೊಡಾಕ ಹೊಲ ಮಾರಬೇಕೇನು? 1980ರ ಜುಲೈ 21ರಂದು ಈ ಪ್ರಶ್ನೆ ಕೇಳಿದವರಿಗೆ ಗುಂಡಿನ ಉತ್ತರ ಸಿಕ್ಕಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕೊಟ್ಟರು. ಅಂದು ನರಗುಂದದಲ್ಲಿ ಪೊಲೀಸರೂ ಸತ್ತರು. ಅವರ ಮನೆಯಲ್ಲೂ ಅತ್ತರು. ತಪ್ಪು ಕರದ ಬೆಲೆ ಅದು.

ಇದು ಬಡ ದೇಶದ ಕಥೆ ಅಂತ ತಿಳೀಬ್ಯಾಡ್ರಿ. ಶ್ರೀಮಂತ ಬ್ರಿಟನ್ನಿನಲ್ಲಿ 2010ರಲ್ಲಿ ಬಂದ ಸರ್ಕಾರ ‘ಖಜಾನೆ ಬರಿದಾಗೇತಿ, ಎಲ್ಲರೂ ಹೊಟ್ಟೆ ಕಟ್ಟೋಣ’ ಎಂಬ ರಾಗ ಹಾಡಿತು. 2011ರಲ್ಲಿ ವ್ಯಾಟ್ ಶೇ. 17.5ರಿಂದ 20ಕ್ಕೆ ಏರಿತು. ಊರೂರ ಗ್ರಂಥಾಲಯಗಳು ಮುಚ್ಚಿದವು. ಆದರೆ ಕಂಪನಿಗಳ ತೆರಿಗೆ 28ರಿಂದ 2017ರ ಹೊತ್ತಿಗೆ 19ಕ್ಕೆ ಇಳಿಯಿತು. ಎಲ್ಲರೂ ಅಂದರೆ ಯಾರು, ತಿಳೀತಲ್ಲ?

ನಮ್ಮಲ್ಲೂ ಹಾಗೇ. ಸತ್ತವರ ದೊಡ್ಡ ಆಸ್ತಿಯ ಮೇಲಿನ ಕರ 1985ರಲ್ಲಿ ಹೋಯಿತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ತೆಗೆದರು. 2019ರ ಸೆಪ್ಟೆಂಬರಿನಲ್ಲಿ ರಿಯಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ ತೆರಿಗೆ ಶೇ. 30ರಿಂದ 22ಕ್ಕೆ ಇಳಿಯಿತು. ಇದರಿಂದ ವರ್ಷಕ್ಕೆ 1,45,000 ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ಇದನ್ನು ಯಾರೂ ‘ಮನ್ನಾ’ ಅನ್ನಲಿಲ್ಲ, ‘ಪ್ರೋತ್ಸಾಹ’ ಅಂದರು.

ಈಗ ನಿಮ್ಮ ಹೊಲಕ್ಕೆ ಬರ್ರಿ. ರಾಸಾಯನಿಕ ಕೀಟನಾಶಕದ ಮೇಲೆ ಜಿಎಸ್‌ಟಿ ಶೇ. 18. ಡಬ್ಬಿಗೆ 1,180 ರೂಪಾಯಿ ಕೊಟ್ಟರೆ ಅದರಾಗ 180 ತೆರಿಗೆ. ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಮುಂದಿನ ಲೆಕ್ಕದಾಗ ಮುರಕೊಳ್ತಾನ. ನೋಂದಣಿ ಇಲ್ಲದ ರೈತ ಯಾರ ಲೆಕ್ಕದಾಗ ಮುರಕೊಳ್ಳಬೇಕು? ಹೆಸರು, ಕಡಲೆ ಪೇಟೆಗೆ ಒಯ್ದರೆ ದರ ಕೂಗುವವ ಬೇರೆಯವ. ಸರಪಳಿಯ ಕೊನೇ ಕೊಂಡಿ ನಾವೇ. ಟ್ರ್ಯಾಕ್ಟರಿನ ತೆರಿಗೆ 2025ರ ಸೆಪ್ಟೆಂಬರಿನಲ್ಲಿ 12ರಿಂದ 5ಕ್ಕೆ ಇಳಿಯಿತು, ಒಳ್ಳೇದು. ಆದರೆ ಅಲ್ಲಿಯತನಕ ಕೊಟ್ಟದ್ದು ತೆರಿಗೆ ಅಲ್ಲೇನು?

ಸಾಲ ಮನ್ನಾದ ಮಾತಿಗೂ ಬರ್ತೀನಿ. 2018ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 2 ಲಕ್ಷದವರೆಗಿನ ಬೆಳೆಸಾಲ ಮನ್ನಾ ಸಾರಿತು. ಅದೇ ಬಜೆಟ್ಟಿನಲ್ಲಿ ಡೀಸೆಲ್ ತೆರಿಗೆ ಶೇ. 19ರಿಂದ 21ಕ್ಕೆ ಏರಿತು. ಬಲಗೈಲೆ ಕೊಟ್ಟು ಎಡಗೈಲೆ ಕಸಕೊಳ್ಳೂದು ಇದಕ್ಕs ಅಂತಾರ. ಮನ್ನಾದಲ್ಲಿ ಪಾಲೇ ಇಲ್ಲದ ಕೂಲಿಕಾರನೂ ಈ ಏರಿಕೆಯ ಹೊರೆ ಹೊತ್ತ.

ನಮ್ಮ ಕಡೆಯ ಮಾತೂ ಆಗಲಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ನಾಲ್ಕೆಕರೆ ಎರಿಹೊಲದವನಿಗೆ ಅದರಿಂದ ಏನೂ ಸಿಗೂದಿಲ್ಲ. ಅವನ ಆದಾಯ ಆ ಮಿತಿಯನ್ನೇ ಮುಟ್ಟೂದಿಲ್ಲ. ನಗರದಾಗ ದುಡಿದ ರೊಕ್ಕವನ್ನು ‘ಬೆಳೆ ರೊಕ್ಕ’ ಅಂತ ತೋರಿಸುವವನಿಗೇ ಲಾಭ. ಅವನ ಹೆಸರಿಗೆ ನಾವು ಬೈಗುಳ ತಿನ್ನೂದು ಯಾಕ? ಅಂಥವರನ್ನು ಹಿಡೀರಿ ಎಂದು ಮೊದಲು ಕೇಳಬೇಕಾದವರು ನಾವೇ.

ಕರವೇ ಬೇಡವೆಂದು ನಾನು ಹೇಳುತ್ತಿಲ್ಲ. ಶಾಲೆ, ದವಾಖಾನೆ, ಕಾಲುವೆ ದುರಸ್ತಿ ಕರದಿಂದಲೇ ಆಗಬೇಕು. ಶಕ್ತಿ ಇದ್ದವ ಹೆಚ್ಚು ಕೊಡಲಿ, ನೀರು ಮುಟ್ಟಿದ ಮೇಲೆ ನೀರಿನ ಕರ ಕೇಳಲಿ, ಹೊಟ್ಟೆ ಕಟ್ಟುವುದಾದರೆ ಮೇಲಿನಿಂದ ಶುರುವಾಗಲಿ. ಇಷ್ಟೇ ನಮ್ಮ ಬೇಡಿಕೆ.

ಒಂದು ಕೆಲಸ ಮಾಡ್ರಿ. ಈ ಹಂಗಾಮಿನ ಗೊಬ್ಬರ, ಎಣ್ಣಿ, ಡೀಸೆಲ್ಲಿನ ಚೀಟಿಗಳನ್ನು ಒಗೀಬ್ಯಾಡ್ರಿ. ಮಕ್ಕಳ ಕೈಲೆ ತೆರಿಗೆಯ ಮೊತ್ತ ಕೂಡಿಸಿ ಬರೆಸಿಡ್ರಿ. ‘ರೈತರು ತೆರಿಗೆ ಕೊಡೂದಿಲ್ಲ’ ಎಂದು ಯಾರಾದರೂ ಅಂದಾಗ ಆ ಪಟ್ಟಿ ಮುಂದಿಡ್ರಿ.