ಟಿ.ವಿ.ಯ ಖರ್ಚು ಮೊಬೈಲಿಗೆ ಬಂದಾಗ
(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ನೀಲಗಿರಿಯ ಲೈನ್ ಮನೆಗಳಲ್ಲಿ ಟಿ.ವಿ. ನೋಡುವ ಕ್ರಮವೇ ಬದಲಾಗುತ್ತಿದೆ. ಕೇಬಲ್ ಕಡಿಸಿ, ಮೊಬೈಲಿನಲ್ಲೇ ಸಿನಿಮಾ, ಧಾರಾವಾಹಿ, ಕ್ರಿಕೆಟ್ ನೋಡುವವರು ಹೆಚ್ಚಾಗಿದ್ದಾರೆ. ಇದರಲ್ಲಿ ನಮಗೆ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಈ ಹೊತ್ತು ಕೂಡಿ ಯೋಚಿಸೋಣ.

1990ರ ದಶಕದಲ್ಲಿ ಕೇಬಲ್ ತಂತಿ ಊರೂರಿಗೆ ಹಬ್ಬಿತು. 2011ರಲ್ಲಿ ತಮಿಳುನಾಡು ಸರ್ಕಾರದ ಅರಸು ಕೇಬಲ್ ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ಕೊಟ್ಟಾಗ ಕೂಲಿಯವರ ಮನೆಗೂ ಅದು ಎಟುಕಿತು. ಬಳಿಕ ಸೆಟ್‌ಟಾಪ್ ಬಾಕ್ಸ್ ಬಂತು; 2019ರಿಂದ ಚಾನೆಲ್ ಒಂದೊಂದಕ್ಕೂ ಬೆಲೆ ಕಟ್ಟುವ ಪದ್ಧತಿ ಬಂತು. ಇತ್ತ 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. ದೇಶದಲ್ಲಿ ಹಣ ಕೊಟ್ಟು ಟಿ.ವಿ. ಸಂಪರ್ಕ ಪಡೆದವರು 2018ರಲ್ಲಿ ಸುಮಾರು 15 ಕೋಟಿ ಇದ್ದರು. 2024ಕ್ಕೆ ಸುಮಾರು 11 ಕೋಟಿಗೆ ಇಳಿದರೆಂದು ಕೇಬಲ್ ಉದ್ದಿಮೆಯವರ ವರದಿಯೇ ಹೇಳುತ್ತದೆ. ಮಳೆಯಲ್ಲಿ ಕಂಬ ಹತ್ತಿ ತಂತಿ ಎಳೆದವರೂ ನಮ್ಮಂತೆ ದುಡಿಯುವವರೇ. ಅವರ ಅನ್ನಕ್ಕೆ ಕಲ್ಲು ಬಿದ್ದಿರುವುದನ್ನು ನಾವು ಮರೆಯಬಾರದು.

ಹೊಸದರಲ್ಲಿ ಒಳ್ಳೆಯದೂ ಉಂಟು. ಕೇಬಲ್ಲಿನಲ್ಲಿ ಕನ್ನಡ ಚಾನೆಲ್ ಸಿಗದ ಕಡೆಯಲ್ಲೂ ಮೊಬೈಲಿನಲ್ಲಿ ಕನ್ನಡ ಚಿತ್ರ ಸಿಗುತ್ತದೆ. ಕೆಲಸದ ದಿನ ತಪ್ಪಿದ್ದನ್ನು ಭಾನುವಾರ ನೋಡಬಹುದು.

ಆದರೆ ಖರ್ಚಿನ ದಾರಿ ಬೇರೆಯಾಗಿದೆ. ಕೇಬಲ್ಲಿನವರು ಬಾಗಿಲಿಗೆ ಬಂದು ಹಣ ಕೇಳುತ್ತಿದ್ದರು. ಇಲ್ಲದ ತಿಂಗಳು ತಡೆಯಿರಿ ಎನ್ನಬಹುದಿತ್ತು. ಈಗ ಡೇಟಾ ರೀಚಾರ್ಜ್ ಒಂದು, ಕ್ರಿಕೆಟ್ಟಿನ ಆ್ಯಪಿಗೆ ಒಂದು, ಸಿನಿಮಾದ ಆ್ಯಪಿಗೆ ಇನ್ನೊಂದು. ಮನೆಗೊಂದು ಟಿ.ವಿ. ಇದ್ದಾಗ ಖರ್ಚೂ ಒಂದೇ. ನಾಲ್ಕು ಮೊಬೈಲ್ ಇದ್ದಲ್ಲಿ ರೀಚಾರ್ಜ್ ನಾಲ್ಕು. ‘ಆಟೋ ಪೇ’ಗೆ ಒಪ್ಪಿಗೆ ಕೊಟ್ಟಿದ್ದರೆ, ನೋಡದಿದ್ದರೂ ಬ್ಯಾಂಕಿನಿಂದ ಹಣ ಹೋಗುತ್ತಲೇ ಇರುತ್ತದೆ. ಅಕ್ಕಿ ಅಂಗಡಿಯ ಬಾಕಿ ಬೆಳೆಯುವುದು ಹೀಗೆಯೇ.

ಹಾಗಾದರೆ ನಾವು ಮಾಡತಕ್ಕದ್ದೇನು?

ಮೊದಲು, ಗಂಡ ಹೆಂಡತಿ ಮಕ್ಕಳು ಕೂಡಿ ಕುಳಿತು ತಿಂಗಳ ಒಟ್ಟು ಖರ್ಚನ್ನು ಬರೆಯೋಣ.

ಎರಡನೆಯದು, ಆಟೋ ಪೇ ಹಣ ತೆಗೆಯುವುದಕ್ಕೆ 24 ಗಂಟೆ ಮುಂಚೆ ಸಂದೇಶ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆ ಸಂದೇಶವನ್ನು ಓದಿ, ಬೇಡವಾದದ್ದನ್ನು ರದ್ದು ಮಾಡೋಣ. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ಮೂರನೆಯದು, ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ತಟ್ಟೆ ಆ್ಯಂಟೆನಾಕ್ಕೂ ಬಾಕ್ಸಿಗೂ ಒಮ್ಮೆ ಹಣ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ. ಡಿಡಿ ಚಂದನವೂ ಅದರಲ್ಲಿ ಬರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ತೋಟಗಳಿಗೆ ಇದು ತಕ್ಕದ್ದು.

ಕಡೆಯದಾಗಿ, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುವುದನ್ನು ಬಿಟ್ಟು, ವಾರಕ್ಕೆ ಒಂದು ಸಂಜೆಯಾದರೂ ಒಟ್ಟಿಗೆ ನೋಡೋಣ. ಮಕ್ಕಳು ಏನು ನೋಡುತ್ತಿದ್ದಾರೆಂಬುದೂ ಆಗ ತಿಳಿಯುತ್ತದೆ.

ಮುಂದಿನ ಕೂಟಕ್ಕೆ ಪ್ರತಿ ಮನೆಯವರೂ ತಮ್ಮ ಲೆಕ್ಕದ ಚೀಟಿಯನ್ನು ತರಬೇಕೆಂದು ಕೇಳಿಕೊಂಡು ಮಾತು ಮುಗಿಸುತ್ತೇವೆ.